ಮೂರು ಸುತ್ತಿನ ದೋಣಿ

ಇದು ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಹೆಂಡತಿಯ ತಮ್ಮ ಕುಮಾರ. ನಂಜನಗೂಡಿನಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟು ಬಂದ ಪಂಪ್‌ಸೆಟ್ಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದವನು, ನಾನು ಹೇಳಿದ್ದನ್ನು ಕೇಳಿ ತಲೆ ಎತ್ತಿದ. ಇನ್ನು ರಿಪೇರಿಯಾಗುವುದಿಲ್ಲ ಎಂಬ ಮೋಟರನ್ನು ಹೇಗೆ ನೋಡುತ್ತಾನೋ ನನ್ನನ್ನೂ ಹಾಗೇ ಒಂದು ಸಲ ಮೇಲಿಂದ ಕೆಳಗೆ ನೋಡಿದ. "ಬಾವ, ಮಿಕ್ಸಿ ಪ್ಲಗ್ ಚುಚ್ಚಾಕೆ ನೀವು ಅಕ್ಕನ್ನ ಕರೀತೀರಿ. ಕರೆಂಟಿನ ದೋಣಿ ಮಾಡಿ ರಿಮೋಟಲ್ಲಿ ಓಡುಸ್ತೀರಾ? ಆಗಾಕಿಲ್ಲ ಬುಡಿ" ಅಂದು ಮತ್ತೆ ತಂತಿ ಸುತ್ತತೊಡಗಿದ. ಬೇಜಾರಾಗಲಿ ಎಂದು ಹೇಳಿದ ಮಾತಲ್ಲ ಅದು. ಮಳೆ ಬರೋದಿಲ್ಲ, ಬಸ್ಸು ಹೋಯಿತು ಎನ್ನುವ ಹಾಗೆ ಸುಮ್ಮನೆ ಸುದ್ದಿ ಹೇಳಿದ ಅಷ್ಟೆ.

ಆಗುವುದಿಲ್ಲ ಎನ್ನುವವರ ಜೊತೆ ನನ್ನ ಒಡನಾಟ ಬಹಳ ಹಳೆಯದು. ಕೆಲವರಿಗೆ ಹುಟ್ಟಿದಾಗಿನಿಂದ ಬೆನ್ನು ತಟ್ಟುವವರೇ ಸಿಗುತ್ತಾರೆ. ನನಗೆ ಸಿಕ್ಕವರೆಲ್ಲ ತಲೆ ಅಡ್ಡಡ್ಡ ಆಡಿಸಿದವರೇ. ನಮ್ಮಪ್ಪ ಮುಡುಕುತೊರೆಯಿಂದ ಕೆಳಕ್ಕೆ ಕಾವೇರಿಯ ಕಡವಿನಲ್ಲಿ ತೆಪ್ಪ ಹಾಕುತ್ತಿದ್ದ. ತೆಪ್ಪ ಎಂದರೆ ಬಿದಿರು ಹೆಣೆದು ತಳಕ್ಕೆ ಡಾಂಬರು ಬಳಿದ, ಹೊಳೆ ದಾಟಿಸುವ ದೊಡ್ಡ ಬುಟ್ಟಿ. ತೆಪ್ಪದವನ ಮಗನಿಗೆ ಓದು ಯಾಕೆ ಎಂದು ಊರಿನವರು ಹೊಳೆ ದಾಟುವಾಗ ಅವನ ತೆಪ್ಪದಲ್ಲೇ ಕೂತು ಅವನನ್ನೇ ಕೇಳುತ್ತಿದ್ದರು. ಹೈಸ್ಕೂಲಿನ ಗಣಿತದ ಮೇಷ್ಟ್ರು ನನ್ನ ಉತ್ತರ ಪತ್ರಿಕೆಯನ್ನು ಇಡೀ ಕ್ಲಾಸಿಗೆ ತೋರಿಸಿ, ಇವನು ಪಾಸಾದರೆ ನಾನು ಮೀಸೆ ಬೋಳಿಸುತ್ತೇನೆ ಎಂದಿದ್ದರು. ನಾನು ಪಾಸಾದೆ. ಮೇಷ್ಟ್ರು ಮಾತಿಗೆ ತಪ್ಪಿದರು. ಆಮೇಲೆ ಮೈಸೂರಿನಲ್ಲಿ ಹಾಸ್ಟೆಲ್ ಅನ್ನ ತಿಂದು, ಸಂಜೆ ಹೊತ್ತು ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿದು, ಭೌತಶಾಸ್ತ್ರದ ಒಂದು ಪೇಪರನ್ನು ಎರಡು ಸಲ ಬರೆದು ಬಿ.ಎಸ್ಸಿ. ಮುಗಿಸಿದೆ. ಎರಡು ಸಲ ಬರೆದದ್ದನ್ನು ನಾನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ನೀವು ನನ್ನವರು ಎಂದು ಹೇಳುತ್ತಿದ್ದೇನೆ. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಕಂಡ ಮೊದಲನೆಯವನು ನಾನು. ಇದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಮನೆಯ ಗೇಟಿನ ಮೇಲೆ, ಮದುವೆಯ ಲಗ್ನಪತ್ರಿಕೆಯ ಮೇಲೆ, ಗ್ಯಾಸಿನ ಪುಸ್ತಕದ ಮೇಲೆ ಕೂಡ ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಅಂತಿದೆ. ಗ್ಯಾಸ್ ತರುವವನು ನನ್ನನ್ನು ಡಾಕ್ಟರೆಂದು ತಿಳಿದು ಒಮ್ಮೆ ಸೊಂಟ ನೋವಿಗೆ ಮಾತ್ರೆ ಕೇಳಿದ್ದ.

ಆದರೆ ಈ ಹೆಮ್ಮೆಯ ತಳದಲ್ಲಿ ಒಂದು ತೂತಿದೆ. ಕಾಲೇಜಿನಲ್ಲಿ ಪದವಿ ಪ್ರದಾನ ಸಮಾರಂಭ ಇಟ್ಟುಕೊಂಡಿದ್ದರು. ತಂದೆತಾಯಿಯರನ್ನು ಕರೆತನ್ನಿ ಎಂದು ಅಚ್ಚು ಹಾಕಿಸಿದ ಕಾರ್ಡು ಕೊಟ್ಟಿದ್ದರು. ಅವ್ವ ಆಗಲೇ ಇರಲಿಲ್ಲ. ಸುದ್ದಿ ಕೇಳಿದಾಗಿನಿಂದ ಅಪ್ಪ ಹೊಳೆ ದಡದಲ್ಲಿ ಕೂತು ಮರಳು ಹಾಕಿಕೊಂಡು ಅಂಗೈ ಉಜ್ಜುತ್ತಿದ್ದ. ಡಾಂಬರು ಒಂದು ಸಲ ಅಂಗೈ ಗೆರೆಗೆ ಇಳಿದರೆ ಸೀಮೆಎಣ್ಣೆಗೂ ಜಗ್ಗುವುದಿಲ್ಲ. ನಾನು ಆ ಕೈ ನೋಡಿದೆ. ಮೊಣಕಾಲಿಗೆ ನಿಂತ ಪಂಚೆ ನೋಡಿದೆ. ಜೊತೆಯಲ್ಲಿ ಓದುವವರ ಅಪ್ಪಂದಿರ ಬೂಟು ನೆನಪಾಯಿತು. ಹೊರಗಿನವರನ್ನು ಒಳಕ್ಕೆ ಬಿಡುವುದಿಲ್ಲವಂತೆ ಅಪ್ಪ ಎಂದೆ. ಅಪ್ಪ "ಅಂಗಾ" ಅಂದ. ಉಜ್ಜುವುದನ್ನು ನಿಲ್ಲಿಸಿ ಕೈ ತೊಳೆದುಕೊಂಡ. ಕಾರ್ಡು ಆಗ ನನ್ನ ಅಂಗಿ ಜೇಬಿನಲ್ಲೇ ಇತ್ತು. ಇದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅವನು ಒಂದು ದಿನವೂ ಆ ಮಾತೆತ್ತಿಲ್ಲ. ಎತ್ತಿ ಎರಡು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಡವಿಗೆ ಸೇತುವೆ ಬಂದ ಮೇಲೆ ಅಪ್ಪ ನಂಜನಗೂಡಿಗೆ ನಮ್ಮ ಜೊತೆ ಬಂದುಬಿಟ್ಟ. ಹೋದ ವರ್ಷ ಅವನ ಕಣ್ಣು ಮಂಜಾಯಿತು. ಪೊರೆ ಇರಬೇಕು, ತೆಗೆಸಿದರಾಯಿತು ಎಂದು ಮೈಸೂರಿಗೆ ಕರೆದುಕೊಂಡು ಹೋದರೆ, ಡಾಕ್ಟರು ಇದು ಪೊರೆಯಲ್ಲ, ಒಳಗೆ ಒತ್ತಡ ಹೆಚ್ಚಿ ಕಣ್ಣಿನ ನರ ಸಾಯುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದಿರುವುದು ಕೂಡ ಕೆಲವು ತಿಂಗಳು ಎಂದರು. ಸುತ್ತಲಿನದೆಲ್ಲ ಹೋಗಿ ನಡುವಿನದು ಮಾತ್ರ ಕಾಣುತ್ತಿತ್ತು ಅವನಿಗೆ. ನೀರಿನ ಪೈಪಿನಲ್ಲಿ ಇಣುಕಿದಂಗೆ ಕಣ್ಲಾ ಎನ್ನುತ್ತಿದ್ದ. ತಟ್ಟೆಯಲ್ಲಿ ಮುದ್ದೆ ಕಂಡರೆ ಸಾರು ಕಾಣದು, ಸಾರು ಕಂಡರೆ ಮುದ್ದೆ ಕಾಣದು. ಸೊಸೆ ಇಡಿಯಾಗಿ ಕಾಣುವುದಿಲ್ಲ, ಕಂತಿನಲ್ಲಿ ಕಾಣುತ್ತಾಳೆ ಎಂದು ನನ್ನ ಹೆಂಡತಿ ಸವಿತಾಳನ್ನು ನಗಿಸುತ್ತಿದ್ದ. ಅವಳು ನಕ್ಕು, ಅಡಿಗೆಮನೆಗೆ ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಗಲೇ ನನ್ನ ತಲೆಯಲ್ಲಿ ಆ ಹುಳು ಹೊಕ್ಕದ್ದು. ಅಪ್ಪನ ಕಣ್ಣು ಪೂರ್ತಿ ಹೋಗುವುದರೊಳಗೆ, ನಾನು ಒಂದು ವೇದಿಕೆ ಹತ್ತಿ, ಯಾರಾದರೂ ದೊಡ್ಡವರ ಕೈಯಿಂದ ಒಂದು ಪ್ರಮಾಣಪತ್ರ ತೆಗೆದುಕೊಳ್ಳುವುದನ್ನು ಅವನು ನೋಡಬೇಕು. ಕೇಳಲು ಸಣ್ಣ ಆಸೆ. ಆದರೆ ನಲವತ್ತೈದು ದಾಟಿದ ಗುಮಾಸ್ತನಿಗೆ ಪ್ರಮಾಣಪತ್ರ ಕೊಡುವವರು ಯಾರು? ಓಡುವ ಸ್ಪರ್ಧೆಗೆ ಮಂಡಿ ಒಪ್ಪದು. ಹಾಡಿಗೆ ಗಂಟಲು ಒಪ್ಪಿದರೂ ಕೇಳುವವರು ಒಪ್ಪರು. ಚುನಾವಣೆ ತರಬೇತಿಯಲ್ಲಿ ಒಂದು ಸಲ ಕೊಟ್ಟಿದ್ದರು. ಮೇಜಿನ ಮೇಲೆ ರಾಶಿ ಹಾಕಿ, ನಿಮ್ಮ ನಿಮ್ಮ ಹೆಸರಿನದು ಹುಡುಕಿಕೊಂಡು ಹೋಗಿ ಎಂದರು. ನನಗೆ ಸಿಕ್ಕಿದ್ದು ಇನ್ನಾರದೋ.

ನಾನು ಟಿ. ನರಸೀಪುರದ ತಾಲ್ಲೂಕು ಕಚೇರಿಗೆ ದಿನವೂ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿಬರುವವನು. ಒಂದು ದಿನ ನನ್ನ ಮೇಜಿಗೆ ಒಂದು ಅರ್ಜಿ ಬಂತು. ಊರಾಚೆಯ ಒಂದು ತಾಂತ್ರಿಕ ಕಾಲೇಜಿನವರು ಕೆರೆಯಲ್ಲಿ ರಿಮೋಟ್ ದೋಣಿಗಳ ಓಟದ ಸ್ಪರ್ಧೆ ನಡೆಸಲು ಅನುಮತಿ ಕೇಳಿದ್ದರು. ಬ್ಯಾಟರಿಯಿಂದ ಓಡುವ ವೇಗದ ದೋಣಿ, ಸಾರ್ವಜನಿಕರೂ ಭಾಗವಹಿಸಬಹುದು, ವಯಸ್ಸಿನ ಮಿತಿ ಇಲ್ಲ, ಗೆಲ್ಲಲಿ ಸೋಲಲಿ, ಮೂರು ಸುತ್ತು ಪೂರೈಸಿದವರಿಗೆಲ್ಲ ವೇದಿಕೆಯ ಮೇಲೆ ಮುಖ್ಯ ಅತಿಥಿಗಳಿಂದ ಪ್ರಮಾಣಪತ್ರ. ಕೊನೆಯ ಸಾಲನ್ನು ಎರಡು ಸಲ ಓದಿದೆ. ನನ್ನ ಇಡೀ ಸರ್ವೀಸಿನಲ್ಲಿ ಬಂದ ದಿನವೇ ಮುಂದಕ್ಕೆ ಹೋದ ಫೈಲು ಅದೊಂದೇ. ಸಾಹೇಬರು ಇದರಲ್ಲೇನೋ ಇದೆ ಎಂದು ಅನುಮಾನಪಟ್ಟು, ಕನ್ನಡಕ ಒರೆಸಿಕೊಂಡು ಓದಿ, ಆಮೇಲೆ ಸಹಿ ಹಾಕಿದರು.

ದೋಣಿಯನ್ನು ಆನ್‌ಲೈನಿನಲ್ಲಿ ತರಿಸಿದೆ. ದೋಣಿ ಬರುತ್ತದೆ ಎಂದುಕೊಂಡಿದ್ದರೆ ಬಂದದ್ದು ದೋಣಿಯ ಬಿಡಿ ಭಾಗ. ಮೊಳದುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಕೆಂಪು ಒಡಲು, ಅಂಗೈಯಲ್ಲಿ ಹಿಡಿಯುವಷ್ಟು ಮೋಟರು, ಆ ಮೋಟರಿಗೆ ಎಷ್ಟು ಕರೆಂಟು ಬಿಡಬೇಕೆಂದು ಲೆಕ್ಕ ಹಾಕುವ ಒಂದು ಪುಟ್ಟ ಡಬ್ಬಿ, ಬಾಗುವ ಉಕ್ಕಿನ ಸರಳು, ಅದರ ತುದಿಗೆ ಸಿಕ್ಕಿಸಿ ನೀರು ತಳ್ಳುವ ನಾಣ್ಯದಗಲದ ಪಂಕ, ಕೈಯಲ್ಲಿ ಹಿಡಿಯುವ ರಿಮೋಟು. ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ದ್ರವದಲ್ಲಿ ಮುಳುಗಿದ ವಸ್ತುವಿನ ತೂಕದ ಬಗ್ಗೆ ನಾನು ಎರಡು ಪುಟ ಬರೆದವನು. ಎರಡನೇ ಸಲ ಮೂರು ಪುಟ ಬರೆದು ಪಾಸಾದವನು. ಆದರೆ ಆ ಪೇಪರಿನಲ್ಲಿ ಯಾರೂ ಸ್ಕ್ರೂ ಯಾವ ಕಡೆಗೆ ತಿರುಗಿಸಬೇಕೆಂದು ಕೇಳಿರಲಿಲ್ಲ. ಬ್ಯಾಟರಿಯ ಕೆಂಪು ತಂತಿಯನ್ನು ಡಬ್ಬಿಯ ಕಪ್ಪು ತಂತಿಗೆ ಮುಟ್ಟಿಸಿದೆ. ಪಟ್ಟೆಂದಿತು, ಹೊಗೆ ಬಂತು. ಸವಿತಾ ಬಂದು, ಒಗ್ಗರಣೆ ನಾನು ಹಾಕ್ತೀನಿ ಬಿಡ್ರೀ ಎಂದಳು.

ಹೊಸ ಡಬ್ಬಿ ಬಂದ ಮೇಲೆ ಬೆಸುಗೆ ಹಾಕಿಕೊಡಲು ಕುಮಾರನ ಕಾಲಿಗೆ ಬಿದ್ದೆ. ಅವನು ಹಾಕಿಕೊಟ್ಟ. ಮೋಟರು ತಿರುಗಿತು, ಆದರೆ ಹಿಂದುಮುಂದಾಗಿ. ದೋಣಿ ಹಿಂದಕ್ಕೆ ಓಡುವ ಹಾಗೆ. ಕುಮಾರ ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿದ್ದೇನೆಂದರೆ, ಮೋಟರಿನ ಮೂರು ತಂತಿಯಲ್ಲಿ ಯಾವ ಎರಡನ್ನಾದರೂ ಅದಲು ಬದಲು ಮಾಡಿದರೆ ಸಾಕು, ನೆಟ್ಟಗಾಗುತ್ತದೆ. ಕಚೇರಿಯಲ್ಲಿ ಎಲ್ಲವೂ ಹಿಂದುಮುಂದಾದಾಗ ಇಬ್ಬರನ್ನು ವರ್ಗ ಮಾಡುತ್ತಾರಲ್ಲ, ಆ ಶಾಸ್ತ್ರ ಇಲ್ಲಿಂದಲೇ ಬಂದಿರಬೇಕು ಎಂದುಕೊಂಡೆ. ಒಂದೇ ವ್ಯತ್ಯಾಸ, ಇಲ್ಲಿ ಸರಿಹೋಯಿತು.

ಇನ್ನು ತೂಕ ಹೊಂದಿಸುವ ಕೆಲಸ. ದೋಣಿಯಲ್ಲಿ ಭಾರವಾದದ್ದು ಬ್ಯಾಟರಿ. ಅದನ್ನು ಎಲ್ಲಿ ಇಟ್ಟರೆ ದೋಣಿ ಹೇಗೆ ಓಡುತ್ತದೆ ಎಂಬುದೇ ಇಡೀ ವಿದ್ಯೆ. ಜೊತೆಗೆ ಬಂದ ಹಾಳೆಯಲ್ಲಿ ಒಡಲಿನ ಹಿಂದಿನ ಮೂರನೇ ಒಂದು ಭಾಗದ ಹತ್ತಿರ ತೂಕ ನಿಲ್ಲಬೇಕು ಎಂದು ಬರೆದಿತ್ತು. ಸವಿತಾ ಬಟ್ಟೆ ನೆನೆಸುವ ಟಬ್ಬಿನಲ್ಲಿ ನೀರು ತುಂಬಿ ದೋಣಿ ಬಿಟ್ಟೆ. ಮೂತಿ ಸ್ವಲ್ಪ ಮೇಲಕ್ಕೆ, ಹಿಂಭಾಗ ಸ್ವಲ್ಪ ಕೆಳಕ್ಕೆ ನಿಂತಿತು. ಅಪ್ಪ ಟಬ್ಬಿನ ಪಕ್ಕ ಮಣೆ ಹಾಕಿಕೊಂಡು ಕೂತು, ತನ್ನ ಪೈಪಿನಷ್ಟು ನೋಟವನ್ನು ಮೆಲ್ಲಗೆ ಮೂತಿಯಿಂದ ಬಾಲದವರೆಗೆ ಎಳೆದುಕೊಂಡು ಹೋದ. ಆಮೇಲೆ ತಲೆ ಆಡಿಸಿದ. "ಯಾವನ್ಲಾ ಬರ್ದವ್ನು ಇದ? ಭಾರ ಯಾವತ್ತೂ ಮುಂದ್ಗಡೆ ಇರ್ಬೇಕು" ಅಂದ.

ಅವನ ಮಾತಿಗೆ ಕಾರಣವಿದೆ. ತೆಪ್ಪ ಹಾಕುವವನು ಹಿಂದೆ ಕೂರುವುದಿಲ್ಲ. ಹೋಗುವ ದಿಕ್ಕಿಗೆ ಮುಖ ಮಾಡಿ ಮುಂದಿನ ಅಂಚಿನಲ್ಲಿ ಕೂತು, ಹುಟ್ಟನ್ನು ನೀರಿಗೆ ಆಳವಾಗಿ ಇಳಿಸಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಮುಂದೆ ಭಾರವಿದ್ದರೆ ತೆಪ್ಪ ಬುಗುರಿಯಂತೆ ಸುತ್ತದೆ ನೆಟ್ಟಗೆ ಹೋಗುತ್ತದೆ. ಐವತ್ತು ವರ್ಷ ಹೊಳೆ ದಾಟಿಸಿದವನ ಮಾತು. ಎದುರಿಗೆ ಯಾರೋ ಕಂಪನಿಯವನು ಅಚ್ಚು ಹಾಕಿಸಿದ ಹಾಳೆ. ಒಂದು ಸಲ ಅವನಿಗಿಂತ ಕಾರ್ಡನ್ನು ದೊಡ್ಡದು ಮಾಡಿ ಕೆಟ್ಟವನು ನಾನು. ಈ ಸಲ ಹಾಳೆ ಮಡಿಸಿ ಇಟ್ಟೆ. ಬ್ಯಾಟರಿಯನ್ನು ಮೂತಿಗೆ ತಳ್ಳಿ ಪಟ್ಟಿ ಬಿಗಿದೆ. ಪಂಕವೂ ಹುಟ್ಟಿನ ಹಾಗೆ ಆಳದಲ್ಲಿರಬೇಕು ಎಂದ. ಅದನ್ನೂ ಎಷ್ಟು ಕೆಳಕ್ಕೆ ಬರುತ್ತದೋ ಅಷ್ಟು ಇಳಿಸಿದೆ.

ಭಾನುವಾರ ಬೆಳಿಗ್ಗೆ ಬದನವಾಳಿನ ದಾರಿಯಲ್ಲಿರುವ ಒಂದು ಕೆರೆಗೆ ನಾನು, ಅಪ್ಪ, ಕುಮಾರ ಮೂವರೂ ಹೋದೆವು. ಅಪ್ಪ ಮೊದಲು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ದೋಣಿಯನ್ನು ತಾನೇ ನೀರಿಗಿಟ್ಟ. ನಾನು ರಿಮೋಟಿನ ಗುಂಡಿಯನ್ನು ಒತ್ತಿದೆ. ದೋಣಿ ಹತ್ತು ಮಾರು ಬಾಣದ ಹಾಗೆ ಹೋಯಿತು, ಮೂತಿ ಬಗ್ಗಿಸಿತು, ಎಮ್ಮೆ ನೀರಿಗೆ ಇಳಿಯುವಂತೆ ಸಾವಕಾಶವಾಗಿ ಅಲ್ಲ, ಮಿಂಚುಳ್ಳಿ ಎರಗಿದಂತೆ ನೇರ ಒಳಕ್ಕೆ ಹೋಯಿತು. ನೀರು ಮುಚ್ಚಿಕೊಂಡಿತು. ಅಲ್ಲಿ ಒಂದು ದೋಣಿ ಇತ್ತು ಎನ್ನುವುದಕ್ಕೆ ಗುರುತಾಗಿ ಎರಡು ಗುಳ್ಳೆ ಬಂದವು. ಹೋಯ್ತೇನ್ಲಾ ಎಂದು ಅಪ್ಪ ದೂರ ದೂರ ನೋಡುತ್ತಾ ಕೇಳಿದ. ಹೋಯ್ತು ಎಂದೆ. ಶಬ್ದವೇ ಇಲ್ಲದಷ್ಟು ದೂರ ಹೋಗಿದೆಯಲ್ಲ ಎಂದು ಅವನು ಖುಷಿಪಟ್ಟ.

ಒಳಗೆ ಬೆಂಡು ತುಂಬಿಸಿದ್ದರಿಂದ ಸ್ವಲ್ಪ ಹೊತ್ತಿನ ಮೇಲೆ ಬಾಲ ಮೇಲೆ ಬಂತು. ತರುವವರು ಯಾರು? ಇಲ್ಲಿ ನಾನು ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ತೆಪ್ಪದವನ ಮಗನಾದ ನನಗೆ ಈಜು ಬಾರದು, ಹುಟ್ಟು ಹಾಕಲೂ ಬಾರದು. ಚಿಕ್ಕವನಿದ್ದಾಗ ಹುಟ್ಟು ಮುಟ್ಟಿದರೆ ಕೈ ಮುರಿಯುತ್ತೇನೆ, ಪುಸ್ತಕ ಹಿಡಿ ಎಂದು ಅಪ್ಪ ಗದರಿಸುತ್ತಿದ್ದ. ನೀರಿನ ಹತ್ತಿರ ಬಂದರೆ ನಾನೂ ಅಲ್ಲೇ ಉಳಿದುಬಿಡುತ್ತೇನೆ ಎಂಬ ಹೆದರಿಕೆ ಅವನಿಗೆ. ಹಾಗಾಗಿ ನಮ್ಮ ಮನೆಯಲ್ಲಿ ನೀರಿಗೆ ಇಳಿಯಬಲ್ಲವನಿಗೆ ಕಣ್ಣಿಲ್ಲ, ಕಣ್ಣಿರುವವನಿಗೆ ನೀರು ಗೊತ್ತಿಲ್ಲ. ದೋಣಿ ದೂರದಲ್ಲಿ ನಿಂತುಬಿಟ್ಟಿದೆ ಎಂದು ಕೇಳಿ ಅಪ್ಪ ಆಗಲೇ ಅಂಗಿ ಬಿಚ್ಚುತ್ತಿದ್ದ. ಕುಮಾರ ಅವನನ್ನು ಕೂರಿಸಿ, ಲಾರಿ ಟ್ಯೂಬಿನ ಮೇಲೆ ತೇಲಿಕೊಂಡು ಹೋಗಿ ದೋಣಿಯನ್ನು ಬಾಲ ಹಿಡಿದು ತಂದ. ತಂದು ನನ್ನ ಕೈಗೆ ಕೊಟ್ಟ. ಅವನು ಹೇಳಬೇಕಾದದ್ದನ್ನು ಮೊದಲೇ ಹೇಳಿದ್ದನಲ್ಲ.

ದಾರಿಯಲ್ಲಿ ಕುಮಾರನ ಬಾಯಿಂದ ಅಪ್ಪನಿಗೆ ದೋಣಿ ಮೂತಿಯ ಭಾರಕ್ಕೇ ಮುಳುಗಿತೆಂಬ ನಿಜ ತಿಳಿಯಿತು. ಮಾರನೆಯ ದಿನ, ನಿನ್ನ ಹಾಳೆ ತೆಗಿ, ಅದ್ರಲ್ಲಿರಂಗೇ ಮಾಡು, ನನ್ ಮಾತು ತೆಪ್ಪುಕ್ಕೆ ಸರಿ ಎಂದ. ಅದನ್ನು ಹೇಳುವಾಗ ಅವನ ಮುಖ, ಸೇತುವೆಯ ಮೇಲೆ ಮೊದಲ ಬಸ್ಸು ಹೋದ ದಿನ ಕಡವಿನಲ್ಲಿ ಕೂತಿದ್ದಾಗಿನ ಮುಖವೇ ಆಗಿತ್ತು. ನಾನು ಹಾಳೆ ತೆಗೆದೆ. ಆ ಹಾಳೆಯನ್ನು ಸುಡಬೇಕೆನಿಸಿತು.

ಆಮೇಲಿನ ಭಾನುವಾರಗಳೆಲ್ಲ ಕೆರೆಯ ಮೇಲೆ ಕಳೆದವು. ಬ್ಯಾಟರಿಯನ್ನು ಒಂದೊಂದೇ ಬೆರಳು ಹಿಂದಕ್ಕೆ ಸರಿಸುವುದು, ಓಡಿಸುವುದು. ಪಂಕವನ್ನು ಒಂದು ಎಳೆ ಮೇಲಕ್ಕೆತ್ತುವುದು, ಓಡಿಸುವುದು. ಈ ವೇಗದ ದೋಣಿಗಳ ಸ್ವಭಾವವೇ ಬೇರೆ. ಇವು ನೀರೊಳಗೆ ಹೋಗುವಂಥವಲ್ಲ, ನೀರನ್ನು ಸವರಿಕೊಂಡು ಹೋಗುವಂಥವು. ಓಡುವಾಗ ಪಂಕ ಕೂಡ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ಇರಬೇಕು. ತೂಕ ತೀರಾ ಹಿಂದಾದರೆ ಮೂತಿ ಎತ್ತಿ ಮಗುಚುತ್ತದೆ, ತೀರಾ ಮುಂದಾದರೆ ಮುಳುಗುತ್ತದೆ. ಎರಡರ ನಡುವಿನ ಆ ಒಂದು ಬೆರಳಿನ ಜಾಗ ಹುಡುಕುವುದರಲ್ಲಿ ನನಗೆ ಬೆವರು ಕಿತ್ತಿತು. ಕಂಡು ಹಿಡಿದವನು ನಾನಲ್ಲ, ಅಪ್ಪ. ಓಡುವ ದೋಣಿಯನ್ನು ಹಿಂಬಾಲಿಸಲು ಅವನ ಕಣ್ಣಿಗೆ ಆಗುತ್ತಿರಲಿಲ್ಲ. ಪೈಪಿನೊಳಗೆ ಬಂದು ಮಾಯವಾಗುತ್ತಿತ್ತು. ಹಾಗಾಗಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಈಗ ನೀರು ಕುಡೀತಾ ಅದೆ, ಈಗ ಬರೀ ಗಾಳಿ ಹೊಡೀತಾ ಅದೆ ಎನ್ನುತ್ತಿದ್ದ. ನಾನು ದಡಕ್ಕೆ ತಂದು ಒಂದು ಬೆರಳು ಸರಿಸುತ್ತಿದ್ದೆ. ಒಂದು ದಿನ ಗುಂಯ್ ಎಂದು ಒಂದೇ ಸಮನಾದ ಸದ್ದು ಬಂತು. ಅಪ್ಪ ಕೈ ಎತ್ತಿದ. "ಇದೇ ಕಣಪ್ಪ. ಇನ್ ಮುಟ್ಬ್ಯಾಡ" ಅಂದ. ಕುಮಾರ ಸೀಮೆಸುಣ್ಣದಲ್ಲಿ ಬ್ಯಾಟರಿಯ ಜಾಗಕ್ಕೆ ಗೆರೆ ಎಳೆದ.

ಚುಕ್ಕಾಣಿಯದು ಬೇರೆಯೇ ರಗಳೆ. ದೋಣಿ ನನ್ನಿಂದ ದೂರ ಹೋಗುವಾಗ ರಿಮೋಟಿನ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಎಡಕ್ಕೇ ಹೋಗುತ್ತದೆ. ಎದುರಿಗೆ ಬರುವಾಗ ಎಡಕ್ಕೆ ತಿರುಗಿಸಿದರೆ ನನ್ನ ಬಲಕ್ಕೆ ಬರುತ್ತದೆ. ಇದು ಓದಿದರೆ ಯಾರಿಗಾದರೂ ತಿಳಿಯುತ್ತದೆ. ಎದುರಿಗೆ ಕಲ್ಲು ಬಂದಾಗ ಮಾತ್ರ ತಿಳಿಯುವುದಿಲ್ಲ. ನಾನು ಮೂರು ಸಲ ದಡಕ್ಕೆ ಹತ್ತಿಸಿದೆ. ಒಂದು ಸಲ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಬಕೀಟಿಗೆ ಹೊಡೆಸಿ, ಸೀರೆ ಹಿಂಡುತ್ತಲೇ ಆಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಕೊನೆಗೆ ಅಪ್ಪ, ನೀನು ದಡದಲ್ಲಿ ನಿಂತಿದ್ದೀಯ ಎಂದುಕೊಳ್ಳುವುದರಿಂದ ಈ ಫಜೀತಿ, ಒಳಗೆ ಕುಂತಿದ್ದೀನಿ ಅಂದುಕೋ ಎಂದ. ಹಾಗೆ ಅಂದುಕೊಂಡ ಮೇಲೆ ಸಲೀಸಾಯಿತು. ನಲವತ್ತೈದು ದಾಟಿದ ಮೇಲೆ ನಾನು ಅಪ್ಪನ ಮುಂದೆ ದೋಣಿ ನಡೆಸುತ್ತಿದ್ದೆ, ಅವನು ಕೈ ಮುರಿಯುತ್ತೇನೆ ಎನ್ನಲಿಲ್ಲ. ಸರಳಿಗೆ ಗ್ರೀಸು ಹಚ್ಚುವುದು, ಮುಚ್ಚಳದ ಸುತ್ತ ಟೇಪು ಅಂಟಿಸುವುದು, ಎರಡು ಸುತ್ತಿಗೊಮ್ಮೆ ತಂದು ಮೋಟರು ಬಿಸಿಯಾಯಿತೇ ಎಂದು ಮುಟ್ಟಿ ನೋಡುವುದು ಇವನ್ನೆಲ್ಲ ಅವನೇ ವಹಿಸಿಕೊಂಡ. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮೋಟರನ್ನು ಮುಟ್ಟುತ್ತಿದ್ದ.

ಸ್ಪರ್ಧೆಗೆ ಎರಡು ವಾರವಿತ್ತು. ಕೆಂಪು ದೋಣಿ ಬಿಸಿಲಿನಲ್ಲಿ ಅಪ್ಪನಿಗೆ ಕಾಣುವುದು ಕಷ್ಟವೇನೋ ಎಂದು ನಾನು ಅದಕ್ಕೆ ಹಳದಿ ಬಣ್ಣ ಹೊಡೆದೆ. ಆಟೋಗಳಿಗೆ ಹೊಡೆಯುವ, ಕಣ್ಣು ಚುಚ್ಚುವ ಹಳದಿ. ಒಣಗಿದ ಮೇಲೆ ತಂದು ಅವನ ತೊಡೆಯ ಮೇಲಿಟ್ಟೆ. ಬಣ್ಣ ಹೊಡೆದೆ ಅಪ್ಪ, ಹೇಗಿದೆ ಎಂದೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮುಖದ ಹತ್ತಿರ ತಂದು, ದೂರ ಹಿಡಿದು, ಚೆನ್ನಾಗಿ ನೋಡಿದ. ಆಮೇಲೆ ಕೆಂಪು ಇನ್ನೂ ಎದ್ದು ಕಾಣ್ತಾ ಅದೆ ಎಂದ. ಎಷ್ಟು ದೂರಕ್ಕಾದರೂ ಕಾಣುತ್ತದೆ, ಯೋಚನೆ ಮಾಡಬೇಡ ಎಂದೂ ಸೇರಿಸಿದ.

ಬಾಗಿಲಲ್ಲಿ ಸವಿತಾ ನಿಂತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾವತ್ತಿನಿಂದಲೋ ಅವನಿಗೆ ಏನೂ ಕಾಣುತ್ತಿರಲಿಲ್ಲ. ನಾನು ಇಷ್ಟೆಲ್ಲ ಒದ್ದಾಡುತ್ತಿರುವಾಗ ಹೇಳುವುದು ಹೇಗೆಂದು, ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗಿ, ತಟ್ಟೆ ಸವರಿಕೊಂಡು ಉಂಡು, ಸೊಸೆಯ ಕಂತಿನ ತಮಾಷೆ ಮಾತ್ರ ಬಿಡದೆ ದಿನ ತಳ್ಳಿದ್ದ. ಹೌದಪ್ಪ, ಕೆಂಪು ಚೆನ್ನಾಗಿದೆ ಎಂದು ನಾನು ಹೊರಗೆ ಹೋದೆ. ಬಣ್ಣದ ಡಬ್ಬಿಯ ಮುಚ್ಚಳ ಹಾಕಲು ಬಹಳ ಹೊತ್ತು ಹಿಡಿಯಿತು.

ಇನ್ನು ಯಾಕೆ ಹೋಗಬೇಕು ಎಂದು ದೋಣಿಯನ್ನು ಅಟ್ಟಕ್ಕೆ ಹಾಕಿದೆ. ನೋಡುವವನಿಗಾಗಿ ಮಾಡಿದ್ದು, ನೋಡುವವನೇ ಇಲ್ಲ. ಕಾಲೇಜಿಗೆ ಬರುವುದಿಲ್ಲವೆಂದು ತಿಳಿಸಬೇಕೆಂದಿದ್ದೆ. ಆದರೆ ಸ್ಪರ್ಧೆಯ ಹಿಂದಿನ ದಿನ ಮನೆಗೆ ಬಂದರೆ ಅಪ್ಪ ಜಗುಲಿಯ ಮೇಲೆ ಕೂತು ಸೊಸೆಯ ಕೈಲಿ ಮಂಡಿಯಿಂದ ಕೆಳಕ್ಕೆ ಬರುವ ಪಂಚೆ ಹುಡುಕಿಸುತ್ತಿದ್ದಾನೆ. ಪಕ್ಕದಲ್ಲಿ ಅಟ್ಟದಿಂದ ಇಳಿಸಿದ ದೋಣಿ. ಸರಳಿಗೆ ಗ್ರೀಸು ಹಚ್ಚಿದ್ದಾಗಿತ್ತು. ಒಳಕ್ಕೆ ಬುಡ್ತಾರಂತಾ ನನ್ನ, ವಿಚಾರಿಸ್ದಾ ಎಂದು ಕೇಳಿದ. ಮಾಮೂಲಿ ದನಿಯಲ್ಲೇ ಕೇಳಿದ. ಬಿಡ್ತಾರಪ್ಪ ಎಂದೆ.

ಟಿ. ನರಸೀಪುರದ ಆ ಕೆರೆಯ ದಂಡೆಯಲ್ಲಿ ಶಾಮಿಯಾನ ಹಾಕಿದ್ದರು. ಅಪ್ಪನನ್ನು ಮುಂದಿನ ಸಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಸವಿತಾಳ ಪಕ್ಕ ಕೂರಿಸಿದೆ. ಸ್ಪರ್ಧಿಗಳೆಲ್ಲ ಸೊಂಟದ ಮೇಲೆ ಪ್ಯಾಂಟು ನಿಲ್ಲದಂಥ ಕಾಲೇಜು ವಿದ್ಯಾರ್ಥಿಗಳು. ನನ್ನನ್ನು ನೋಡಿ, ಪೇರೆಂಟ್ಸ್ ಆ ಕಡೆ ಕೂರಬೇಕು ಅಂಕಲ್ ಎಂದರು. ನಾನೂ ಸ್ಪರ್ಧಿ ಎಂದಾಗ ಪಾಪ, ತಮ್ಮ ಟೇಪನ್ನು ನನಗೂ ಕೊಟ್ಟರು. ಸೀಟಿ ಊದಿದರು. ಅವರ ದೋಣಿಗಳು ಹೋದ ವೇಗಕ್ಕೆ ನೀರು ಸೀಳಿ ನಿಂತಿತು. ನಾನು ಗುಂಡಿಯನ್ನು ಅರ್ಧಕ್ಕಿಂತ ಹೆಚ್ಚು ಒತ್ತಲಿಲ್ಲ. ಮೊದಲ ತಿರುವಿನಲ್ಲೇ ಎರಡು ದೋಣಿ ಒಂದಕ್ಕೊಂದು ಹೊಡೆದು ಮಗುಚಿದವು. ಇನ್ನೊಂದರಿಂದ ಹೊಗೆ ಬಂತು. ಆ ಹೊಗೆಯ ಪರಿಚಯ ನನಗಿತ್ತು. ನನ್ನ ಹಳದಿ ದೋಣಿ ಬೇರೆಯವರ ಅಲೆ ತಪ್ಪಿಸಿಕೊಂಡು, ಆಫೀಸಿಗೆ ಹೋಗುವವನ ಹಾಗೆ, ಒಂದು ಸುತ್ತು ಮುಗಿಸಿತು, ಎರಡು ಮುಗಿಸಿತು.

ಮೂರನೆಯ ಸುತ್ತಿನಲ್ಲಿ ನಾನು ಮಾಡಬಾರದ್ದು ಮಾಡಿದೆ. ದೋಣಿ ಬಿಟ್ಟು ಅಪ್ಪನ ಕಡೆ ತಿರುಗಿ ನೋಡಿದೆ. ಶಾಮಿಯಾನದ ಹಿಂದೆ ಜನರೇಟರು ಗುಂಯ್ ಎನ್ನುತ್ತಿತ್ತು. ಅಪ್ಪ ಕೆರೆಗೆ ಬೆನ್ನು ಹಾಕಿ, ಜನರೇಟರಿನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಭೇಷ್ ಎನ್ನುವಂತೆ ತಲೆ ಆಡಿಸುತ್ತಾ ಕೂತಿದ್ದ. ಸವಿತಾ ಅವನನ್ನು ತಿರುಗಿಸದೆ ಸುಮ್ಮನೆ ಅವನ ತೋಳು ಹಿಡಿದುಕೊಂಡಿದ್ದಳು. ನಾನು ಮತ್ತೆ ನೀರಿನ ಕಡೆ ತಿರುಗುವಷ್ಟರಲ್ಲಿ ದೋಣಿ ತಿರುವಿನ ಗುರುತು ದಾಟಿ ಜೊಂಡಿನ ಕಡೆ ಹೋಗಿಬಿಟ್ಟಿತ್ತು. ಕಣ್ಣೆಲ್ಲ ಮಂಜು, ಹಳದಿಯೂ ಕಾಣದು, ನೀರೂ ಕಾಣದು. ಒಳಗೆ ಕುಂತಿದ್ದೀನಿ ಎಂದುಕೊಂಡು ತಿರುಗಿಸಿದೆ. ಜೊಂಡು ಸವರಿ ಬಂತು. ಉಳಿದವರೆಲ್ಲ ದೋಣಿ ಒರೆಸಿ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿರುವಾಗ, ಕಟ್ಟಕಡೆಯದಾಗಿ, ನನ್ನದು ಮೂರನೆಯ ಸುತ್ತು ಮುಗಿಸಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಅಪ್ಪನೂ ತಟ್ಟಿದ, ಜನರೇಟರಿಗೆ.

ವೇದಿಕೆಯಲ್ಲಿ ಮೈಕಿನವರು ನನ್ನನ್ನು ಇಂದಿನ ಅತಿ ಹಿರಿಯ ಸ್ಪರ್ಧಿ ಶ್ರೀ ಮಾದೇಶ್ ಎಂದು ಕರೆದರು. ಬಿ.ಎಸ್ಸಿ. ಎಂದು ನಾನು ಬರೆದುಕೊಟ್ಟಿದ್ದನ್ನು ಓದಲು ಮರೆತರು. ಮುಖ್ಯ ಅತಿಥಿಗಳು ನಕ್ಕು ಕೈ ಕುಲುಕಿ ಪ್ರಮಾಣಪತ್ರ ಕೊಟ್ಟರು. ಫೋಟೋದವನು ಈ ಕಡೆ ನೋಡಿ ಸಾರ್ ಎಂದ. ನಾನು ಅಪ್ಪನ ಕಡೆ ನೋಡಿದೆ. ಸವಿತಾ ಈಗ ಅವನ ಭುಜ ಹಿಡಿದು ವೇದಿಕೆಯ ಕಡೆಗೆ ತಿರುಗಿಸಿದ್ದಳು. ಅವನು ಕತ್ತು ಎತ್ತಿ, ನಾನಿರುವ ಜಾಗಕ್ಕಿಂತ ಒಂದು ಮಾರು ಪಕ್ಕಕ್ಕೆ, ಪರದೆಯನ್ನು ನೋಡುತ್ತಿದ್ದ.

ಇಳಿದು ಬಂದು ಅವನ ಮುಂದೆ ಮಂಡಿಯೂರಿ ಪ್ರಮಾಣಪತ್ರವನ್ನು ಅವನ ಕೈಗಿಟ್ಟೆ. ಡಾಂಬರಿನ ಗೆರೆಗಳು ಇನ್ನೂ ಪೂರ್ತಿ ಹೋಗದ ಅಂಗೈಯಲ್ಲಿ ಅವನು ಅದರ ಅಂಚು ಸವರಿದ, ಮೂಲೆ ಸವರಿದ. ಗಟ್ಟಿ ಕಾಗದ ಎಂದ. ಭೌತಶಾಸ್ತ್ರ ಎರಡು ಸಲ ಬರೆದವನಿಗೆ ಆಡಬೇಕಾದ ಒಂದು ವಾಕ್ಯ ಇಪ್ಪತ್ತು ವರ್ಷದಿಂದ ಬಂದಿರಲಿಲ್ಲ. ಈಗ ಅರ್ಧ ಬಂತು. ಅಪ್ಪ, ಅವತ್ತು ಕಾಲೇಜಿನಲ್ಲಿ ಒಳಕ್ಕೆ ಬಿಡಲ್ಲ ಅಂದಿದ್ದೆನಲ್ಲ, ಅದು ಎಂದೆ. ಅಪ್ಪ ಕತ್ತಲಲ್ಲಿ ಹುಡುಕುವಂತೆ ಕೈ ಚಾಚಿ ನನ್ನ ತಲೆ ಸಿಕ್ಕಿದ ಮೇಲೆ ಅಲ್ಲೇ ಇಟ್ಟ.

"ಬುಡು ಮಗ. ಅದ ಅವತ್ತೇ ನೋಡಿದೀನಿ. ಹಿಂದ್ಲ ಬಸ್ಸಿಗೆ ಬಂದಿದ್ದೆ, ಕಿಟಕಿತಾವ ನಿಂತಿದ್ದೆ. ನೀನು ಕಾಗ್ದ ಇಸ್ಕಂಡು ನನ್ ಕಡೀಕೇ ತಿರುಗ್ದೆ. ನಾನೇ ಬಗ್ಗಿಬುಟ್ಟೆ."